ಕಿವಿ ಸೀಳಿದ ಕರಿಚಿರತೆ

ಸೀಮೆಎಣ್ಣೆಗೂ ಚೀಟಿ ತೋರಿಸಬೇಕಿದ್ದ ಕಾಲ ಅದು. ಎಲ್ಲೋ ದೂರದ ದೇಶಗಳಲ್ಲಿ ಯುದ್ಧ ನಡೆಯುತ್ತಿದೆ ಎಂದು ದೊಡ್ಡವರು ಹೇಳುತ್ತಿದ್ದರು. ನಮಗೆ ಮಕ್ಕಳಿಗೆ ಯುದ್ಧ ಅಂದರೆ ಹೊತ್ತು ಮುಳುಗುವ ಮೊದಲೇ ಊಟ, ಎಣ್ಣೆ ಉಳಿಸಲು ಬೇಗ ನಿದ್ದೆ, ಮತ್ತೆ ಇದ್ದಲು ಉರಿಸಿಕೊಂಡು ಏದುಸಿರು ಬಿಡುತ್ತ ಘಾಟಿ ಹತ್ತುವ ಬಸ್ಸು, ಅಷ್ಟೇ. ಆದರೆ ನನಗೆ ಹತ್ತು ತುಂಬಿದ ಆ ಬೇಸಿಗೆಯಲ್ಲಿ ನಮ್ಮ ಕಡಹಿನಬೈಲಿನವರ ಬಾಯಲ್ಲಿ ಜರ್ಮನಿಯೂ ಇರಲಿಲ್ಲ, ಜಪಾನೂ ಇರಲಿಲ್ಲ. ಇದ್ದದ್ದು ಕರಿ ಕುರ್ಕ ಒಂದೇ. ಕುರ್ಕ ಅಂದರೆ ನಮ್ಮ ಕಡೆ ಚಿರತೆ. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಆ ಬೇಸಿಗೆ ಮರೆತಿರಲಾರದು.

ಮೊದಲು ಸುದ್ದಿ ಬಂದದ್ದು ಕೊಪ್ಪದ ಕಡೆಯ ಹಿರೇಕೊಡಿಗೆಯಿಂದ. ಹಾಡಹಗಲೇ ಕರು ಹೊತ್ತುಕೊಂಡು ಹೋಯಿತಂತೆ, ಮೈಯೆಲ್ಲ ಮಸಿ ಬಳಿದಷ್ಟು ಕಪ್ಪಂತೆ. ಎಂಟು ದಿನಕ್ಕೆ ಶೃಂಗೇರಿ ಕಡೆಯ ಅಡ್ಡಗದ್ದೆಯ ನೆಂಟರೊಬ್ಬರು ಬಂದು "ನಮ್ಮಲ್ಲೂ ಬಂದಿತ್ತು" ಎಂದರು. ಒಂದೇ ಪ್ರಾಣಿ ಅಷ್ಟು ದೂರ ಹೇಗೆ ತಿರುಗೀತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಮಜವೇ ಹೋಗುತ್ತಿತ್ತು. ನರಸಿಂಹರಾಜಪುರವನ್ನು ಆಗಿನವರು ಎಡೇಹಳ್ಳಿ ಎಂದೇ ಕರೆಯುತ್ತಿದ್ದರು. ಅಲ್ಲಿಂದ ನಮ್ಮಪ್ಪನ ಜವಳಿ ಅಂಗಡಿಗೆ ಗಾಡಿಯಲ್ಲಿ ಸಾಮಾನು ತರುತ್ತಿದ್ದವರು ಹುಸೇನ್ ಸಾಬರು. ಒಂದು ದಿನ ಅವರೂ ಬಂದವರೇ ಜಗಲಿ ಮೇಲೆ ಕುಸಿದು ಕೂತು ಎರಡು ಚೊಂಬು ನೀರು ಕುಡಿದರು.

"ಕಂಡೆ ಮಾರಾಯ್ರೆ, ಕಣ್ಣಾರೆ ಕಂಡೆ. ಎತ್ತು ಬೆಚ್ಚಿ ಗಾಡಿ ಚರಂಡಿಗೆ ಇಳೀತು" ಎಂದರು.

"ಎತ್ತು ಬೆಚ್ಚಿದ್ದು ಕುರ್ಕ ನೋಡೇ ಅಂತ ಹೆಂಗೆ ಹೇಳ್ತೀರಿ ಸಾಬ್ರೆ?" ಎಂದ ಅಪ್ಪ. ನಮ್ಮಪ್ಪ ಬಟ್ಟೆ ಅಳೆಯುವವನು, ಎಲ್ಲವನ್ನೂ ಎರಡು ಸಲ ಅಳೆದು ನೋಡುವ ಸ್ವಭಾವ.

"ಎತ್ತು ಬೆಚ್ಚಿದ್ದು ನನ್ನ ನೋಡಿ. ನಾ ಬೆಚ್ಚಿದ್ದು ಅದನ್ನ ನೋಡಿ!"

ಅಪ್ಪ ನಕ್ಕ. ಅಜ್ಜಿ ನಗಲಿಲ್ಲ. ಅವತ್ತಿನಿಂದ ನಮಗೆ ಅಂಗಳ ದಾಟುವ ಹಾಗಿಲ್ಲ ಎಂದಾಯಿತು. ದನ ಮೂರು ಗಂಟೆಗೇ ಕೊಟ್ಟಿಗೆಗೆ. ಬಹಿರ್ದೆಸೆಗೆ ಹೋಗುವುದಾದರೂ ಮೂವರು ಜೊತೆಗೆ, ಒಬ್ಬರ ಕೈಯಲ್ಲಿ ಬಡಿದು ಸದ್ದು ಮಾಡಲು ತಗಡಿನ ಡಬ್ಬ. ನಾಚಿಕೆಯನ್ನು ಯಾರಿಗೆ ಹೇಳಿಕೊಳ್ಳೋಣ! ಕುಂಟಾಬಿಲ್ಲೆ ಆಡುವ ನಾವು ಒಳಜಗಲಿಯಲ್ಲಿ ಕೂತು ಚೆನ್ನೆಮಣೆಯ ಕಾಯಿ ಎಣಿಸುತ್ತಿದ್ದೆವು. ಹೊರಗೆ ಮಾವಿನ ಕಾಯಿ ಉದುರುವ ಸದ್ದು ಕೇಳುತ್ತಿತ್ತು, ಹೆಕ್ಕಲು ಬಿಡುತ್ತಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ಆಗಲೂ ಅಷ್ಟೇ, ಈಗಲೂ ಅಷ್ಟೇ. ಮನೆಯ ಗೋಡೆಗಳನ್ನು ಒದೆಯಬೇಕು ಅನ್ನಿಸುತ್ತಿತ್ತು.

ಆದರೆ ನಾನು ಸಹಿಸಿಕೊಂಡಿದ್ದೆ, ಯಾಕೆಂದರೆ ಇನ್ನೊಂದು ತಿಂಗಳಿಗೆ ನಾನು ಆ ಮನೆಯಲ್ಲಿ ಇರುವವಳೇ ಅಲ್ಲ. ನಮ್ಮೂರ ಶಾಲೆ ನಾಲ್ಕನೆಯ ಕ್ಲಾಸಿಗೆ ಮುಗಿಯುತ್ತಿತ್ತು. ಮೇಷ್ಟ್ರು ಅಂಗಡಿಗೆ ಬಂದು "ಗಿರಿಜೆಯನ್ನ ಇಲ್ಲಿಗೇ ನಿಲ್ಲಿಸಬೇಡಿ, ಅವಳ ಲೆಕ್ಕ ನನಗಿಂತ ಚುರುಕು" ಎಂದು ಅಪ್ಪನಿಗೆ ಹೇಳಿದ್ದರು. ಕೊಪ್ಪದಲ್ಲಿ ಅವ್ವನ ಅಕ್ಕ, ನನ್ನ ದೊಡ್ಡಮ್ಮ ಇದ್ದಳು. ಅವಳ ಮನೆಯಲ್ಲಿದ್ದುಕೊಂಡು ಮುಂದಿನ ಶಾಲೆ ಓದುವುದು ಎಂದು ತೀರ್ಮಾನವಾಯಿತು. ಅಪ್ಪ ಅಂಗಡಿಯಿಂದ ಹಸಿರು ಬಣ್ಣದ, ಸಣ್ಣ ಹೂವಿನ ಬಟ್ಟೆ ತಂದ. ಅವ್ವ ಅದರಲ್ಲಿ ಎರಡು ಲಂಗ ಹೊಲಿದು ಪೆಟ್ಟಿಗೆಯಲ್ಲಿಟ್ಟಳು. ನಾನು ದಿನಕ್ಕೆ ನಾಲ್ಕು ಸಲ ಪೆಟ್ಟಿಗೆ ತೆಗೆದು ಹೊಸ ಬಟ್ಟೆಯ ಗಂಜಿ ವಾಸನೆ ಮೂಸಿ ಮುಚ್ಚುತ್ತಿದ್ದೆ.

ಇಲ್ಲಿ ಅವ್ವನ ವಿಷಯ ಹೇಳಬೇಕು. ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಅವ್ವನ ಜೊತೆ ಮಾತಾಡುತ್ತಿರಲಿಲ್ಲ. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಹೋಗಿಬಿಟ್ಟಿದ್ದವು, ಗಂಡುಮಗು ಆಗಲೇ ಇಲ್ಲ. ಅದಕ್ಕೆ ಯಾವತ್ತೋ ಶುರುವಾದ ಮುನಿಸು ಮನೆಯ ರೂಢಿಯೇ ಆಗಿಹೋಗಿತ್ತು. ಏನಿದ್ದರೂ ನನ್ನ ಮೂಲಕ. "ನಿಮ್ಮವ್ವಂಗೆ ಹೇಳು, ಸಾರಿಗೆ ಉಪ್ಪು ಹೆಚ್ಚಾಗಿದೆ." ಅವ್ವ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದಳು. ನಾನು ತಿರುಗಿ "ಅವ್ವಾ, ಉಪ್ಪು ಹೆಚ್ಚಂತೆ" ಎನ್ನಬೇಕು. "ನಾಳೆ ಕಡಿಮೆ ಹಾಕ್ತಾಳಂತೆ ಅಂತ ಹೇಳು" ಎಂದು ಅವಳು. ತಾಯಿಯ ಎದುರಿಗೆ ಅಪ್ಪನೂ ಹೆಂಡತಿಯ ಹತ್ತಿರ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಅವ್ವ ಮಾತಾಡುವುದೆಲ್ಲ ನನ್ನ ಹತ್ತಿರವೇ. ಆ ದಿನಗಳಲ್ಲಿ ಹಲಸಿನ ಹಪ್ಪಳದ ಕೆಲಸ. ಬೇಯಿಸಿ ಕುಟ್ಟಿದ ಹಲಸಿನ ತೊಳೆ, ಮೆಣಸಿನ ಖಾರ, ಕೈತುಂಬ ಕೊಬ್ಬರಿ ಎಣ್ಣೆ. ಹಿತ್ತಲಲ್ಲಿ ಚಾಪೆ ಹಾಸಿ ಅವ್ವ ಬಾಳೆಲೆ ಮೇಲೆ ಉಂಡೆ ಒತ್ತುತ್ತಿದ್ದಳು, ನಾನು ಕೋಲು ಹಿಡಿದು ಕಾಗೆ ಓಡಿಸುತ್ತಿದ್ದೆ. ತನ್ನ ತವರಿನ ಕಥೆ, ಅಕ್ಕನ ಜೊತೆ ಹೊಳೆಯಲ್ಲಿ ಈಜಿದ ಕಥೆ, ಏನೇನೋ ಹೇಳುತ್ತಿದ್ದಳು. ನಾನು ಕೊಪ್ಪದ ಬಗ್ಗೆ ಕೇಳಿದರೆ ಮಾತ್ರ "ಆಯ್ತಲ್ಲ, ನೀನೇ ಹೋಗಿ ನೋಡ್ತೀಯಲ್ಲ" ಎಂದು ಸುಮ್ಮನಾಗುತ್ತಿದ್ದಳು. ನನಗೆ ಅದರಲ್ಲೇನೂ ಕಾಣಲಿಲ್ಲ. ಹತ್ತು ವರ್ಷದ ಹುಡುಗಿಗೆ ಏನು ಕಾಣುತ್ತದೆ!

ಹೀಗಿರುವಾಗ ಒಂದು ಮಧ್ಯಾಹ್ನ ನನ್ನ ಗ್ರಹಚಾರ ಕೆಟ್ಟಿತು. ಹಿತ್ತಲ ಬೇಲಿಯಾಚೆ, ಗುಡ್ಡದ ಬುಡದಲ್ಲಿ ಕೌಳಿಹಣ್ಣಿನ ಪೊದೆಗಳಿದ್ದವು. ಕಪ್ಪಗೆ ಹಣ್ಣಾಗಿ ನಿಂತಿರುತ್ತವೆ ಎಂದು ನನಗೆ ಗೊತ್ತಿತ್ತು. ಅಜ್ಜಿ ಪಕ್ಕದ ಮನೆಗೆ ಹೋಗಿದ್ದಳು, ಅವ್ವ ಹಪ್ಪಳದ ಹಿಟ್ಟು ತರಲು ಒಳಗೆ ಹೋದಳು. ನಾನು ಬೇಲಿ ನುಸುಳಿದೆ. ಮೈಮೇಲೆ ಏನಿತ್ತು ಅಂತೀರಿ? ಕೊಪ್ಪಕ್ಕೆ ಅಂತ ಹೊಲಿದ ಹಸಿರು ಲಂಗ! ಹಾಕಿ ನೋಡಿ ಬಿಚ್ಚಿಡುತ್ತೇನೆ ಎಂದು ಕದ್ದು ಹಾಕಿಕೊಂಡಿದ್ದೆ. ಕೌಳಿ ಮುಳ್ಳು ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ಬಾಯಿ ತುಂಬ ಹಣ್ಣು ತಿಂದು ಹಿಂದೆ ಸರಿದರೆ ಲಂಗ ಸೊಂಟದಿಂದ ಅಂಚಿನವರೆಗೆ ಪರ್ ಅಂತ ಹರಿಯಿತು. ಕಾಲಿಗೆಲ್ಲ ಗೀರು, ರಕ್ತ. ಓಡಿಕೊಂಡು ಮುಂಬಾಗಿಲಿಗೆ ಬಂದರೆ ಎದುರಿಗೇ ಅಜ್ಜಿ.

"ಎಂತಾಯ್ತೇ? ಎಂತಾ ಅವತಾರ ಇದು?"

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ತಿಳಿಯದು. "ಕುರ್ಕ ಅಜ್ಜಿ! ಕರೀದು! ಎದುರಿಗೇ ನಿಂತಿತ್ತು!"

ಅಜ್ಜಿಯ ಎತ್ತಿದ ಕೈ ಅಲ್ಲೇ ನಿಂತಿತು. ಏಟು ಬೀಳಲಿಲ್ಲ. ಬದಲಿಗೆ ನನ್ನನ್ನು ಎದೆಗೆ ಒತ್ತಿಕೊಂಡು ಕೂಗಿದಳು ನೋಡಿ, ಇಡೀ ಕೇರಿ ಬಂದು ಸೇರಿತು. ನೀರು ಕುಡಿಸುವವರು, ಬೂದಿ ಮಂತ್ರಿಸಿ ಹಚ್ಚುವವರು, ಬೆಲ್ಲ ಬಾಯಿಗಿಡುವವರು. "ಹೆಂಗಿತ್ತೇ? ಎಷ್ಟು ದೊಡ್ಡದೇ?" ಎಂದು ಹತ್ತು ಜನ ಕೇಳಿದರೆ ಸುಮ್ಮನಿರಲಾದೀತೇ? ನಮ್ಮ ಗಾಡಿಯ ಮುದಿ ಎತ್ತಿಗೆ ಬಲಗಿವಿ ಸೀಳಿತ್ತು. ಆ ಕಿವಿಯನ್ನು ತೆಗೆದು ನಾನು ಕುರ್ಕಕ್ಕೆ ಅಂಟಿಸಿದೆ. "ಬಲಗಿವಿ ಸೀಳಿತ್ತು" ಎಂದೆ. ಹೆಂಗಸರೆಲ್ಲ ಒಟ್ಟಿಗೆ "ಅಯ್ಯೋ ಶಿವನೇ" ಎಂದರು. ಎರಡು ದಿನ ನಾನು ಊರಿನ ರಾಣಿ. ಮೂರನೆಯ ದಿನಕ್ಕೆ ದನ ಕಾಯುವ ತಿಮ್ಮಣ್ಣನೂ ಅದನ್ನು ಕಂಡ, ಅವನ ಕುರ್ಕಕ್ಕೂ ಬಲಗಿವಿ ಸೀಳಿತ್ತು. ವಾರದೊಳಗೆ ಸಾಬರು ಸುದ್ದಿ ತಂದರು: ಬಾಳೆಹೊನ್ನೂರು ದಾರಿಯಲ್ಲೂ ಕಿವಿ ಸೀಳಿದ್ದು ಕಂಡಿದೆಯಂತೆ. ನನಗೆ ಒಳಗೊಳಗೇ ನಗು, ಒಂಥರಾ ಭಯ ಕೂಡ.

ನನ್ನ ನಗು ನಿಂತದ್ದು ಹುಲಿಕಲ್ಲಿನ ಬೈರಣ್ಣ ಮನೆಗೆ ಬಂದಾಗ. ಊರ ಗಡಿಯಲ್ಲಿ ಮತ್ತಿಮರದ ಕೆಳಗೆ ಒಂದು ಹಳೆಯ ಕಲ್ಲಿತ್ತು. ಅದರಲ್ಲಿ ಒಬ್ಬ ವೀರ ಹುಲಿಯ ಜೊತೆ ಹೋರಾಡುವ ಹಾಗೆ ಕೆತ್ತಿದ್ದರು. ಅದೇ ಹುಲಿಕಲ್ಲು, ಅದಕ್ಕೆ ಬೈರಣ್ಣನ ಮನೆತನದವರ ಪೂಜೆ. ನಮ್ಮೂರಲ್ಲಿ ಒಂದು ಕಟ್ಟು ಇತ್ತು. ಹುಲಿಯೋ ಕುರ್ಕವೋ ಯಾರಿಗೆ ಮುಖ ತೋರಿಸಿತೋ ಅವರು ಕಲ್ಲಿನ ದೇವರ ಪೂಜೆ ಆಗುವವರೆಗೆ ಗಡಿ ದಾಟಬಾರದು. ದಾಟಿದರೆ ಅದು ಅವರ ಹೆಜ್ಜೆ ಹಿಡಿದು ಹಿಂದೆಯೇ ಹೋಗುತ್ತದೆ, ಹೋದ ಊರಿಗೂ ಕೇಡು. ಆ ಪೂಜೆ ವರ್ಷಕ್ಕೊಂದೇ ಸಲ, ದೀಪಾವಳಿ ಕಳೆದ ಮೇಲೆ. ಇದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಕಂಡವರೆಲ್ಲ ಬೈರಣ್ಣನ ಕೈಗೆ ಒಂದು ತೆಂಗಿನಕಾಯಿ ಕೊಟ್ಟು ಒಡೆಸಿ ಮಾರನೆಯ ದಿನವೇ ತಿರುಗಾಡುವುದನ್ನು ನೋಡಿದ್ದೆ. ತಿಮ್ಮಣ್ಣನೂ ಒಡೆಸಿದ್ದ. ನನಗೂ ಅಷ್ಟೇ ಎಂದುಕೊಂಡಿದ್ದೆ.

"ಅದು ಗಂಡಸ್ರಿಗೆ" ಎಂದ ಬೈರಣ್ಣ, ಬೇಜಾರಿನಿಂದಲೇ. ಅವನು ಕೆಟ್ಟವನಲ್ಲ. "ಅವ್ರಿಗೆ ಗದ್ದೆ, ಪೇಟೆ ಅಂತ ಇರ್ತದೆ, ದೇವ್ರು ಒಪ್ತಾನೆ. ಹೆಂಗಸ್ರು ಮಕ್ಳಿಗೆ ವರ್ಷದ ಪೂಜೇನೇ ಆಗ್ಬೇಕು."

"ಮತ್ತೆ ಸಾಬ್ರು?" ಎಂದೆ.

"ಅವ್ರ ದೇವ್ರು ಬೇರೆ" ಎಂದಳು ಅಜ್ಜಿ.

ನಾನು ಬೆರಳು ಮಡಚಿ ಎಣಿಸಿದೆ. ಶಾಲೆ ಶುರುವಾಗುವುದು ಮಳೆಗಾಲದ ಹೊಸ್ತಿಲಲ್ಲಿ, ದೀಪಾವಳಿ ಅದಾಗಿ ಐದು ತಿಂಗಳಿಗೆ. ಮೇಷ್ಟ್ರು ಹೊಗಳಿದ ನನ್ನ ಲೆಕ್ಕ ಅವತ್ತು ನನಗೆ ಚೆನ್ನಾಗಿಯೇ ಬಂತು.

ಆಮೇಲಿನ ದಿನಗಳು ಹೇಗಿದ್ದವು ಎಂದು ಹೇಗೆ ಹೇಳಲಿ? ಮೊದಲು ಅಂಗಳ ದಾಟಬಾರದು ಎಂದು ಎಲ್ಲರಿಗೂ ಇತ್ತು. ಈಗ ಬೇರೆ ಮಕ್ಕಳು ನಿಧಾನವಾಗಿ ಹೊರಗೆ ಹೋಗತೊಡಗಿದರು, ನನಗೊಬ್ಬಳಿಗೆ ಉಳಿಯಿತು. ಅಜ್ಜಿ ನನ್ನ ಲಂಗದ ಚುಂಗು ಹಿಡಿದೇ ಮಲಗುತ್ತಿದ್ದಳು. ಒಂದು ಮಧ್ಯಾಹ್ನ ಕಣ್ಣು ತಪ್ಪಿಸಿ ಹುಲಿಕಲ್ಲಿನವರೆಗೆ ಹೋದೆ. ಬಿಸಿಲಿಗೆ ಕಾದ ಕಲ್ಲು, ಒಣಗಿದ ಹೂವಿನ ವಾಸನೆ. ಒಂದು ಕಾಲು ಆಚೆ ಇಟ್ಟೆ, ಏನೂ ಆಗಲಿಲ್ಲ. ಇಲ್ಲದ ಪ್ರಾಣಿ ಯಾರ ಹಿಂದೆ ಬಂದೀತು? ಆದರೂ ಇನ್ನೊಂದು ಕಾಲು ಎತ್ತಲು ಧೈರ್ಯ ಬರಲಿಲ್ಲ. ಇಷ್ಟು ಜನ ಕಂಡಿದ್ದಾರಲ್ಲ, ಒಂದು ವೇಳೆ ಇದ್ದರೆ ಎನ್ನಿಸಿತು. ನಾನೇ ಹುಟ್ಟಿಸಿದ ಪ್ರಾಣಿಗೆ ನಾನೇ ಹೆದರಿ ಮನೆಗೆ ಓಡಿಬಂದೆ.

ಕೊಪ್ಪಕ್ಕೆ ಹೋಗಲು ಇನ್ನು ಐದು ದಿನ ಉಳಿದಿದ್ದಾಗ ತಡೆಯಲಾರದೆ ಅಂಗಡಿಗೆ ಹೋದೆ. ಅಪ್ಪ ಹೊಸದಾಗಿ ಬಂದ ಪಂಚೆಗಳ ಮೂಟೆ ಬಿಚ್ಚುತ್ತಿದ್ದ. "ಅಪ್ಪಾ, ನಾನು ಕುರ್ಕ ಕಾಣಲೇ ಇಲ್ಲ. ಲಂಗ ಕೌಳಿ ಮುಳ್ಳಿಗೆ ಹರೀತು. ಅಜ್ಜಿ ಹೊಡೀತಾಳೆ ಅಂತ ಸುಳ್ಳು ಹೇಳ್ದೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ಗೋಳೋ ಎಂದು ಅತ್ತೆ.

ಅಪ್ಪ ಮೂಟೆ ಬಿಟ್ಟು ನನ್ನ ಕಡೆ ತಿರುಗಿದ. "ಆ ಕಿವಿ?"

"ನಮ್ಮ ಎತ್ತಿಂದು."

ಅವನಿಗೆ ನಗು ತಡೆಯಲಾಗಲಿಲ್ಲ. ಗಲ್ಲಾಪೆಟ್ಟಿಗೆ ಮುಚ್ಚಿ ನನ್ನ ಕೈ ಹಿಡಿದುಕೊಂಡು ಮನೆಗೆ ಬಂದ. ಅಜ್ಜಿಯನ್ನು ಹಿತ್ತಲಿಗೆ ಕರೆದ. ಅಲ್ಲಿ ಅವ್ವ ಚಾಪೆಯ ಮುಂದೆ ಕೂತು ಹಪ್ಪಳ ಒತ್ತುತ್ತಿದ್ದಳು. ಅಪ್ಪ ಎಲ್ಲವನ್ನೂ ಹೇಳಿದ. ಅಜ್ಜಿ ಒಪ್ಪಲಿಲ್ಲ.

"ಹೆದ್ರಿ ಹಂಗೆ ಹೇಳ್ತಿದೆ ಕೂಸು. ಕಂಡಿಲ್ದೆ ಇದ್ರೆ ತಿಮ್ಮಣ್ಣ ಹೆಂಗೆ ಕಂಡ? ಕಿವಿ ಸೀಳಿದ್ದು ಅವ್ನೂ ಹೇಳಿಲ್ವಾ?"

"ಅವನು ಕಂಡದ್ದು ಇವಳು ಹೇಳಿದ ಮೇಲೆ ಅಬ್ಬೆ. ಇವಳು ಹೇಳೋ ಮೊದ್ಲು ಯಾರ ಕುರ್ಕಕ್ಕಾದ್ರೂ ಕಿವಿ ಸೀಳಿತ್ತಾ?"

ಅಜ್ಜಿ ಯೋಚಿಸಿದಳು. ಅವಳು ಹಟಮಾರಿ, ಆದರೆ ದಡ್ಡಿಯಲ್ಲ. ತಲೆ ಕೊಡವಿ, "ಹಂಗಾದ್ರೆ ಒದೆ ಬೀಳ್ಬೇಕಿತ್ತು ಇವಳಿಗೆ" ಎಂದಳು. ಅದು ಒಪ್ಪಿಗೆ ಎಂದು ನಮಗೆಲ್ಲ ಗೊತ್ತು. "ಸೋಮವಾರ ಗಾಡಿ ಹೂಡ್ತೀನಿ. ಎಡೇಹಳ್ಳಿಗೆ ಹೋಗಿ ಬಸ್ಸು ಹತ್ತಿಸ್ತೀನಿ" ಎಂದ ಅಪ್ಪ. ನನಗೆ ಕುಣಿಯಬೇಕು ಅನ್ನಿಸಿತು. ಒದೆಯೂ ಬೀಳಲಿ, ಎರಡು ಒದೆ ಬೀಳಲಿ!

"ನಾನೂ ಕಂಡೆ."

ಯಾರು ಮಾತಾಡಿದ್ದು ಎಂದು ಮೊದಲು ಗೊತ್ತೇ ಆಗಲಿಲ್ಲ. ಅಜ್ಜಿಯ ಎದುರಿಗೆ ಅವ್ವ ನೇರವಾಗಿ ಬಾಯಿ ಬಿಟ್ಟದ್ದನ್ನು ನಾನು ಅದುವರೆಗೆ ಕಂಡವಳಲ್ಲ. ಅವಳು ತಲೆ ಎತ್ತಿರಲಿಲ್ಲ. ಕೈ ಹಪ್ಪಳದ ಅಂಚು ತಿದ್ದುತ್ತಲೇ ಇತ್ತು.

"ಎಂತ ಕಂಡೆ?" ಎಂದ ಅಪ್ಪ.

"ಅದನ್ನೇ. ಅವತ್ತು ಇವಳನ್ನ ಕೂಗಕ್ಕೆ ಬೇಲಿ ಹತ್ರ ಹೋಗಿದ್ದೆ. ಪೊದೆ ಆಚೆ ನಿಂತಿತ್ತು. ಕಪ್ಪು. ಬಲಗಿವಿ ಸೀಳಿತ್ತು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನನ್ನ ಯಾರು ಕೇಳಿದ್ರು?"

ಅಪ್ಪ ಅಳೆದು ನೋಡುವವನು ನಿಜ. ಆದರೆ ವರ್ಷಕ್ಕೆ ನಾಲ್ಕು ಮಾತಾಡುವ ಹೆಂಡತಿ ಐದನೆಯ ಮಾತಾಗಿ ಸುಳ್ಳು ಹೇಳುತ್ತಾಳೆಂದು ಅವನು ಹೇಗೆ ಊಹಿಸಿಯಾನು? ಅಜ್ಜಿ ಕೂಡ, ಸೊಸೆಯ ಮಾತಿಗೆ ಬೆಲೆ ಕೊಡದವಳು, ಅವತ್ತೊಂದು ದಿನ ಕೊಟ್ಟುಬಿಟ್ಟಳು. "ನೋಡಿದ್ಯಾ, ನಾ ಹೇಳಿಲ್ವಾ!" ಎಂದು ಮಗನ ಮೇಲೆ ಗೆದ್ದ ಸಂಭ್ರಮ ಅವಳಿಗೆ.

ಅವ್ವನನ್ನು ಬಿಟ್ಟರೆ ಆ ಹಿತ್ತಲಲ್ಲಿ ಸತ್ಯ ಗೊತ್ತಿದ್ದವಳು ನಾನೊಬ್ಬಳೇ. ಆ ಕಿವಿಯನ್ನು ಕುರ್ಕಕ್ಕೆ ಅಂಟಿಸಿದವಳು ನಾನು. ಇಲ್ಲದ ಪ್ರಾಣಿಯನ್ನು ಅವ್ವ ಕಂಡಿದ್ದಳು. "ಅವ್ವ ಸುಳ್ಳು ಹೇಳ್ತಿದಾಳೆ" ಎಂದು ಕೂಗಲು ಬಾಯಿ ತೆರೆದೆ. ಆಗ ಅವಳು ಒಂದೇ ಒಂದು ಸಲ ನನ್ನ ಕಡೆ ನೋಡಿದಳು. ಅದು ಹೆದರಿಸುವ ನೋಟವಾಗಿರಲಿಲ್ಲ, ಬೇಡುವ ನೋಟ. ನಾನು ಹೇಳಿಬಿಟ್ಟಿದ್ದರೆ ಅಜ್ಜಿ ಅವಳನ್ನು ಹುರಿದು ಮುಕ್ಕುತ್ತಿದ್ದಳು. ನನ್ನ ಬಾಯಿ ಹಾಗೇ ಮುಚ್ಚಿತು. ಕಾಗೆಯೊಂದು ಬಂದು ಚಾಪೆಯ ಮೇಲಿನ ಹಪ್ಪಳ ಕಚ್ಚಿಕೊಂಡು ಹೋಯಿತು, ನಾನು ಓಡಿಸಲಿಲ್ಲ.

ಅವಳಿಗೂ ಕಟ್ಟು ಬಿತ್ತು. ಗೌರಿ ಹಬ್ಬಕ್ಕೆ ತವರಿಗೆ ಹೋಗುವುದು ವರ್ಷಕ್ಕೊಂದು ಸಲ ಅವಳಿಗೆ ಸಿಗುತ್ತಿದ್ದ ಬಿಡುವು. ಅದನ್ನೂ ತಾನಾಗಿಯೇ ಕಳೆದುಕೊಂಡಳು. ಸೋಮವಾರ ಬಂತು, ಗಾಡಿ ಹೂಡಲಿಲ್ಲ. ಎರಡು ದಿನಕ್ಕೆ ಮಳೆಯೂ ಹಿಡಿಯಿತು. ತಾಯಿ ಮಗಳು ಒಂದೇ ಗಡಿಯೊಳಗೆ. ನಾನು ಹದಿನೆಂಟು ದಿನ ಅವಳ ಜೊತೆ ಮಾತು ಬಿಟ್ಟೆ. ಅಜ್ಜಿ ಹೇಳಿದ್ದನ್ನು ತಲುಪಿಸಲೂ ಇಲ್ಲ. ಅಜ್ಜಿ "ನಿಮ್ಮವ್ವಂಗೆ ಹೇಳು" ಎಂದರೆ ಎದ್ದು ಹೋಗುತ್ತಿದ್ದೆ. ಆ ಹದಿನೆಂಟು ದಿನ ಮನೆಯಲ್ಲಿ ಒಲೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವ್ವ ನನ್ನ ಹರಿದ ಲಂಗಕ್ಕೆ ಹೊಲಿಗೆ ಕಾಣದ ಹಾಗೆ ತೇಪೆ ಹಾಕಿ ನನ್ನ ಹಾಸಿಗೆ ಮೇಲಿಟ್ಟಳು. ನಾನು ಅದನ್ನು ಎತ್ತಿ ಅಟ್ಟಕ್ಕೆ ಎಸೆದೆ. ಹತ್ತೊಂಬತ್ತನೆಯ ದಿನ ನನಗೆ ಜ್ವರ ಬಂತು. ಹಣೆ ಮೇಲೆ ಅವಳ ಕೈಯ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಂದಾಗ "ನೀರು" ಎಂದೆ. ಅಲ್ಲಿಗೆ ನನ್ನ ಹಟ ಮುಗಿಯಿತು. ಕೋಪ ಮುಗಿಯಲಿಲ್ಲ.

ದೀಪಾವಳಿ ಕಳೆದು ಪೂಜೆ ಆಯಿತು, ಕಟ್ಟು ಬಿಚ್ಚಿತು. ಕೊಪ್ಪಕ್ಕೆ ಹೋಗುವ ಮಾತನ್ನು ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ ಅಜ್ಜಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಳು, ಮನೆಯಲ್ಲಿ ಕೈ ಬೇಕಾಯಿತು. ಅದರ ಮುಂದಿನ ವರ್ಷ ನಾನು ದೊಡ್ಡವಳಾದೆ. "ಇನ್ನೆಂತ ಶಾಲೆ ಮಾರಾಯ" ಎಂದು ಜನ ಅಪ್ಪನಿಗೆ ಹೇಳಿದರು, ಅಪ್ಪ ಕೂಡ ಹೌದು ಎಂದ. ಮೇಷ್ಟ್ರು ವರ್ಗವಾಗಿ ಹೋದರು. ಅವ್ವ ಮಾತ್ರ ಆ ನಾಲ್ಕು ವರ್ಷ ತನಗೆ ಗೊತ್ತಿದ್ದದ್ದನ್ನೆಲ್ಲ ನನಗೆ ಕಲಿಸಿದಳು. ಹೊಲಿಗೆ, ಹಾಡು, ಹಪ್ಪಳ, ಯಾವ ಸೊಪ್ಪು ಯಾವ ನೋವಿಗೆ ಎಂಬುದು. ತನ್ನ ಸೆರಗಿನ ಮರೆಯಲ್ಲೇ ಇಟ್ಟುಕೊಂಡು, ಎಷ್ಟು ಮಾತಾಡಿದರೂ ಸಾಲದೆಂಬಂತೆ ಮಾತಾಡುತ್ತಿದ್ದಳು. ಅದೊಂದು ವಿಷಯ ಬಿಟ್ಟು.

ಹದಿನಾಲ್ಕಕ್ಕೆ ಅಡ್ಡಗದ್ದೆಯ ಕಡೆಯಿಂದ ಸಂಬಂಧ ಬಂತು. ಮದುವೆಗೆ ಎಂಟು ದಿನವಿದೆ, ಅಂಗಳದಲ್ಲಿ ಚಪ್ಪರ ಕಟ್ಟುತ್ತಿದ್ದಾರೆ, ಬೆಳಗಿನ ಹತ್ತು ಗಂಟೆ. ಹಿತ್ತಲ ಬೇಲಿಯ ಮೇಲಿಂದ ಒಂದು ಕುರ್ಕ ಹಾರಿ ಬಂತು. ಕಪ್ಪಲ್ಲ, ಹಳದಿ ಮೈ, ಚುಕ್ಕೆ, ಎರಡೂ ಕಿವಿ ನೆಟ್ಟಗೇ ಇದ್ದವು. ನಮ್ಮ ನಾಯಿಯನ್ನು ಕುತ್ತಿಗೆಗೆ ಕಚ್ಚಿಕೊಂಡು, ನಮ್ಮೆಲ್ಲರ ಮುಂದೆಯೇ, ಯಾವ ಅವಸರವೂ ಇಲ್ಲದೆ ಬೇಲಿ ದಾಟಿ ಹೋಯಿತು. ಕಂಡವರು ನಾನು, ಅವ್ವ, ಅಜ್ಜಿ, ಚಪ್ಪರಕ್ಕೆ ಬಿದಿರಿನ ಗಳ ತಂದಿದ್ದ ಬೈರಣ್ಣ.

"ಎಂತದೂ ಇಲ್ಲ. ಕಾಡುಬೆಕ್ಕು ಅದು" ಎಂದಳು ಅಜ್ಜಿ.

ಬೈರಣ್ಣ ಅಜ್ಜಿಯ ಮುಖ ನೋಡಿದ, ಚಪ್ಪರ ನೋಡಿದ. "ಹೌದಮ್ಮ, ಕಾಡುಬೆಕ್ಕೇ."

"ಕಾಡುಬೆಕ್ಕು ನಾಯಿ ಹೊತ್ಕೊಂಡು ಹೋಗತ್ತಾ?" ಎಂದೆ ನಾನು.

"ಮದುವಣಗಿತ್ತಿ ನೀನು, ಬಾಯಿ ಮುಚ್ಚು!"

ನಾನು ಅವ್ವನ ಕಡೆ ತಿರುಗಿದೆ. ಹೇಳು ಅವ್ವಾ, ಕಂಡೆ ಅನ್ನು ಅವ್ವಾ ಎಂದು ಮನಸ್ಸಿನಲ್ಲೇ ಕೂಗಿದೆ. ನನಗೆ ಆ ಮದುವೆಗಿಂತ ಆ ಹಿತ್ತಲೇ ಬೇಕಿತ್ತು. ಈ ಸಲ ಅವಳು ಕಂಡೆ ಎಂದಿದ್ದರೆ ಅದು ನಿಜವೇ ಆಗಿರುತ್ತಿತ್ತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ಅವ್ವ ಗಾಡಿಯ ಹಿಂದೆಯೇ ಹುಲಿಕಲ್ಲಿನವರೆಗೆ ನಡೆದು ಬಂದಳು. ಎತ್ತುಗಳಿಗೆ ನೀರು ಕುಡಿಸಲು ಅಲ್ಲಿ ಗಾಡಿ ನಿಲ್ಲಿಸಿದ್ದರು. ಗಂಡಸರು ದೂರದಲ್ಲಿದ್ದರು. ಅವಳು ಗಾಡಿಯ ಚಕ್ರ ಹಿಡಿದುಕೊಂಡು, ನನ್ನ ಮುಖ ನೋಡದೆ, ಮೆಲ್ಲಗೆ ಹೇಳಿದಳು:

"ಅವತ್ತೇ ಕೊಪ್ಪಕ್ಕೆ ಕಳ್ಸಿದ್ರೆ ರಜಕ್ಕಾದ್ರೂ ಬರ್ತಿದ್ದೆ ನೀನು."

ನಾಲ್ಕು ವರ್ಷದಲ್ಲಿ ಆ ವಿಷಯ ನಮ್ಮಿಬ್ಬರ ನಡುವೆ ಬಂದದ್ದು ಅದೊಂದೇ ಸಲ. ನಾನು ಏನಾದರೂ ಹೇಳಬೇಕಿತ್ತು. ಕೋಪವಿಲ್ಲ ಎಂದಾದರೂ ಹೇಳಬೇಕಿತ್ತು. ನನ್ನ ಕೆಟ್ಟ ಸ್ವಭಾವಕ್ಕೆ ಬೆಂಕಿ ಹಾಕ, ಬಾಯಿ ತೆರೆಯುವಷ್ಟರಲ್ಲಿ ಗಾಡಿ ಹೊರಟಿತು.

ಈಗ ಆ ಗುಡ್ಡದ ಕಾಡು ಅರ್ಧಕ್ಕರ್ಧ ಇಲ್ಲ. ಕಂಡವರಿಗೆ ಕಟ್ಟು ಹಾಕುವ ಬೈರಣ್ಣನ ಮನೆತನವೂ ಊರು ಬಿಟ್ಟಿದೆ. ಎಲ್ಲಾದರೂ ಚಿರತೆ ಕಂಡಿತು ಎಂದರೆ ಅರಣ್ಯ ಇಲಾಖೆಯವರು ಬೋನು ಹೊತ್ತು ಜೀಪಿನಲ್ಲಿ ಬರುತ್ತಾರೆ, ಜನ ನಿಂತು ಫೋಟೋ ಹಿಡಿಯುತ್ತಾರೆ, ಯಾರಿಗೂ ಭಯವಿಲ್ಲ. ಬೆಳಗಾದರೆ ಹೆಣ್ಣುಮಕ್ಕಳು ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತಿ ಶಾಲೆಗೆ ಹೋಗುತ್ತಾರೆ, ಸಂಜೆಗೆ ತಾಯಂದಿರ ಹತ್ತಿರ ವಾಪಸು. ಅವರನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ? ಅವರ ಓದಿಗೆ ಅಲ್ಲ, ಆ ಸಂಜೆಗೆ.

ನನ್ನ ಮದುವೆಯ ನಂತರ ಅವ್ವ ಒಂಬತ್ತು ವರ್ಷ ಬದುಕಿದ್ದಳು. ಆಗಿನ ದಾರಿ, ಆಗಿನ ಅತ್ತೆಮನೆ, ಸುಮ್ಮಸುಮ್ಮನೆ ಹೋಗಿಬರುವ ಹಾಗೆಲ್ಲಿತ್ತು? ಆ ಒಂಬತ್ತು ವರ್ಷದಲ್ಲಿ ನಾನು ಅವಳ ಹತ್ತಿರ ಹೋಗಿದ್ದದ್ದು ಮೂರೇ ಸಲ, ಮೂರೂ ಬಾಣಂತನಕ್ಕೆ. ಕೊಪ್ಪದ ಶಾಲೆಗೆ ವರ್ಷಕ್ಕೆ ಎರಡು ಸಲ ರಜ ಇರುತ್ತಿತ್ತು.